ಟೆನ್ಷನ್ ಮಾಡ್ಕೋಬೇಡಿ, ಕಂಡಕ್ಟ್ರಮ್ಮ

ಡಿಪೋಗೆ ಹೊಸದಾಗಿ ಸೇರಿದ ಹೆಣ್ಣುಮಕ್ಕಳು ಆಗಾಗ ನಮ್ಮ ಮನೆಗೆ ಬರುತ್ತಾರೆ. ಕಾಫಿ ಕುಡಿದು, “ಮೇಡಂ, ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟ ಯಾವುದು?” ಎಂದು ಕೇಳುತ್ತಾರೆ. ಕುಡಿದು ಹತ್ತುವವರು ಅಂತಲೋ ಚಿಲ್ಲರೆ ಅಂತಲೋ ನಾನು ಹೇಳಬಹುದು ಎಂದು ಅವರ ಲೆಕ್ಕ. ಅದೆಲ್ಲ ಆರು ತಿಂಗಳಲ್ಲಿ ಅಭ್ಯಾಸವಾಗುತ್ತದೆ. “ಟೆನ್ಷನ್ ಮಾಡ್ಕೋಬೇಡಿ” ಎಂದು ಬುದ್ಧಿ ಹೇಳುವವರು ಮಾತ್ರ ನಿವೃತ್ತಿಯಾದರೂ ಅಭ್ಯಾಸವಾಗುವುದಿಲ್ಲ.

ನನ್ನ ಹೆಸರು ಸರೋಜ. ನಂಜನಗೂಡು ಮತ್ತು ತಿ. ನರಸೀಪುರದ ನಡುವೆ ಓಡುವ ಬಸ್ಸಿನಲ್ಲಿ ಕಂಡಕ್ಟರಾಗಿದ್ದೆ. ಹೆಸರಿಟ್ಟುಕೊಂಡಿದ್ದೇ ದಂಡ, ಆ ಲೈನಿನಲ್ಲಿ ಎಲ್ಲರಿಗೂ ನಾನು ಕಂಡಕ್ಟ್ರಮ್ಮ. ಸರ್ವೀಸಿನ ಮೊದಲ ಅರ್ಧ ಒಬ್ಬಳೇ ಕೆಲಸ ಮಾಡಿದೆ. ಎರಡನೇ ಅರ್ಧದಲ್ಲಿ ಸಂಧಿವಾತವೂ ಜೊತೆಗೆ ಡ್ಯೂಟಿಗೆ ಬಂತು, ಅದಕ್ಕೆ ವಾರದ ರಜೆಯೂ ಇರಲಿಲ್ಲ. ಆಗಿನಿಂದ ನನಗಿದ್ದ ಆಸೆ ಒಂದೇ. ನಿವೃತ್ತಿಯ ದಿನ ನಾನಾಗಿ ಬಸ್ಸಿನಿಂದ ಇಳಿಯಬೇಕು. ಅದಕ್ಕೆ ಮೊದಲೇ ಯಾರೋ ಬಂದು, ನಿನ್ನ ಕೈಲಾಗುವುದಿಲ್ಲ ಎಂದು ಇಳಿಸಬಾರದು.

ಶುರುವಾಗಿದ್ದು ಬೆರಳಿನಲ್ಲಿ. ಬೆಳಗಿನ ಶಿಫ್ಟಿಗೆ ಹೊರಡುವ ಹೊತ್ತಿಗೆ ಖಾಕಿ ಕೋಟಿನ ಗುಂಡಿ ಹಾಕಲು ಬರುತ್ತಿರಲಿಲ್ಲ. ಬೆರಳು ಮಡಚುತ್ತಿರಲಿಲ್ಲ, ಮಣಿಕಟ್ಟು ಊದಿರುತ್ತಿತ್ತು, ಕಾಲು ನೆಲಕ್ಕೂರಿದರೆ ಜಲ್ಲಿಕಲ್ಲು ತುಳಿದ ಹಾಗೆ. ಬಿಸಿಲೇರಿದ ಮೇಲೆ ನಿಧಾನವಾಗಿ ಬಿಡುತ್ತಿತ್ತು. ಹಾಲಿನ ಡೈರಿಯಲ್ಲಿ ಕೆಲಸದಲ್ಲಿದ್ದ ನಮ್ಮ ಯಜಮಾನರು ಎದುರಿಗೆ ನಿಂತು ಗುಂಡಿ ಹಾಕಿಕೊಡುತ್ತಿದ್ದರು. ಮದುವೆಯಾದ ಹೊಸದರಲ್ಲೂ ಅವರು ಅಷ್ಟು ಹತ್ತಿರ ಅಷ್ಟು ಹೊತ್ತು ನಿಂತವರಲ್ಲ. ಟಿಕೆಟ್ ಹರಿದೂ ಹರಿದೂ ಬಂದ ನೋವು ಅಂದುಕೊಂಡು ಒಂದು ವರ್ಷ ಮುಲಾಮು ಹಚ್ಚಿದೆ.

ಕೊನೆಗೆ ಮೈಸೂರಿನ ಡಾಕ್ಟರೊಬ್ಬರು ರಕ್ತಪರೀಕ್ಷೆ ಮಾಡಿಸಿ, ಬೆರಳಿನ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿ ಹೇಳಿದರು: “ಇದು ಸವೆತದ ನೋವಲ್ಲಮ್ಮ, ಸಂಧಿವಾತ. ಮೈಯನ್ನ ಕಾಯಬೇಕಾದ ಶಕ್ತಿನೇ ತಪ್ಪು ತಿಳ್ಕೊಂಡು ಕೀಲುಗಳ ಮೇಲೆ ಬಿದ್ದಿದೆ.” ನನಗೆ ಥಟ್ಟನೆ ಅರ್ಥವಾಯಿತು. ನಮ್ಮ ಸಂಸ್ಥೆಯ ತಪಾಸಣಾ ಸ್ಕ್ವಾಡೂ ಹಾಗೆಯೇ, ಟಿಕೆಟ್ಟಿಲ್ಲದೆ ಹತ್ತಿದವರನ್ನು ಬಿಟ್ಟು ನಮ್ಮನ್ನೇ ಹಿಡಿಯುತ್ತದೆ.

ಡಾಕ್ಟರು ಮಾತ್ರೆ ಬರೆಯುತ್ತ ಮುಂದುವರಿಸಿದರು: “ಒತ್ತಡದಿಂದಲೇ ಬಂತು ಅಂತ ನಾನು ಹೇಳಲ್ಲ. ಆದ್ರೆ ಒತ್ತಡ ಜಾಸ್ತಿಯಾದಾಗ, ನಿದ್ದೆ ಕೆಟ್ಟಾಗ, ಇದು ಕೆರಳುತ್ತೆ. ಅದನ್ನ ಕಮ್ಮಿ ಮಾಡ್ಕೋಬೇಕು. ಏನು ಕೆಲಸ ನಿಮ್ಮದು?”

“ಬಸ್ ಕಂಡಕ್ಟರ್ ಸಾರ್.”

ಅವರು ಪೆನ್ನು ಕೆಳಗಿಟ್ಟರು. ಆಮೇಲೆ, “ಮಾತ್ರೆ ಮಾತ್ರ ತಪ್ಪಿಸಬೇಡಿ” ಅಂದರು.

ಡಿಪೋದಲ್ಲಿ ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಲೈನಿನಿಂದ ತೆಗೆಯುತ್ತಾರೆ ಎಂಬ ಭಯ. ಗೊತ್ತಾಗಿದ್ದು ನನ್ನ ಡ್ರೈವರ್ ಮಾದಪ್ಪನಿಗೆ ಮಾತ್ರ, ಅದೂ ನಾನು ಹೇಳಿ ಅಲ್ಲ. ನಮ್ಮಲ್ಲಿ ಬಸ್ಸು ಬಿಡಿಸುವುದಕ್ಕೆ ಎರಡು ದಾರಿ: ಒಂದು ವಿಷಲ್ಲು, ಇನ್ನೊಂದು ಬಾಗಿಲ ಪಕ್ಕದ ತಗಡನ್ನು ಅಂಗೈಯಿಂದ ತಟ್ಟುವುದು. ನನಗೆ ಮೊದಲಿನಿಂದಲೂ ತಟ್ಟುವುದೇ ರೂಢಿ. ಕೈ ಊದಿದ ದಿನ ಮಾತ್ರ ವಿಷಲ್ಲು ಊದುತ್ತಿದ್ದೆ. ಮಾದಪ್ಪ ಕೆಲವು ದಿನ ಗಮನಿಸಿದ. ಆಮೇಲೆ ವಿಷಲ್ಲು ಕೇಳಿದ ದಿನವೆಲ್ಲ ರಸ್ತೆಯ ಹಂಪು ಬಂದರೆ ಮಗು ಮಲಗಿರುವ ಮನೆಯಲ್ಲಿ ನಡೆದ ಹಾಗೆ ದಾಟಿಸಿದ. ಬಾಯಿಬಿಟ್ಟು ಕೇಳಲಿಲ್ಲ. ಒಂದು ಸಲ ಟೀ ಕುಡಿಯುವಾಗ ಮಾತ್ರ, “ಅಕ್ಕ, ಇವತ್ತು ಪೀಪಿ ಜಾಸ್ತಿ ಆಯ್ತಲ್ಲಾ” ಅಂದ. “ಹೂಂ ಕಣಪ್ಪ” ಅಂದೆ. ಅಲ್ಲಿಗೆ ಮುಗಿಯಿತು.

ಕಾಯಿಲೆಯ ನಡತೆ ತಿಳಿಯಲು ನನಗೆ ಕೆಲವು ವರ್ಷ ಹಿಡಿಯಿತು. ಅದು ಜಗಳದ ದಿನ ಬರುವುದಿಲ್ಲ, ಮಾರನೆಯ ದಿನ ಬರುತ್ತದೆ. ಸ್ಕ್ವಾಡಿನವರು ಸುತ್ತೂರಿನ ಹತ್ತಿರ ಅಡ್ಡಗಟ್ಟಿ, ಮುಕ್ಕಾಲು ಗಂಟೆ ಎಲ್ಲರ ಟಿಕೆಟ್ಟನ್ನೂ ನೋಡಿ, ಏನೂ ಸಿಗದೆ ಇಳಿದುಹೋಗುತ್ತಿದ್ದರು. ಆಗ ನಾನು ಗೆದ್ದೆ ಎಂದು ಬೀಗುತ್ತಿದ್ದೆ. ಮಾರನೆಯ ಬೆಳಿಗ್ಗೆ ಮಣಿಕಟ್ಟು ಬದನೆಕಾಯಿಯಾಗಿರುತ್ತಿತ್ತು. ನಾನು ತಪ್ಪು ಮಾಡಿಲ್ಲ ಎಂಬುದನ್ನು ಸ್ಕ್ವಾಡು ನಂಬಿದರೂ ನನ್ನ ಕೀಲು ನಂಬುತ್ತಿರಲಿಲ್ಲ.

ಬದನೆಕಾಯಿ ಅಂದಕೂಡಲೇ ನೆನಪಾಯಿತು. ಬಸ್ಸಿನಲ್ಲಿ ಕೈ ನೋವು ಎಂದು ಒಮ್ಮೆ ಬಾಯಿಬಿಟ್ಟು ನೋಡಿ. ಬದನೆಕಾಯಿ ನಂಜು, ಬಿಡಿ ಅನ್ನುವವರು ಮುಂದಿನ ಸೀಟಿನಲ್ಲಿ, ಎಕ್ಕದೆಲೆ ಬಿಸಿ ಮಾಡಿ ಕಟ್ಟಿ ಅನ್ನುವವರು ಹಿಂದಿನ ಸೀಟಿನಲ್ಲಿ. ಬಾಳೆಹಣ್ಣಿನ ಬುಟ್ಟಿ ಹೊತ್ತು ದಿನವೂ ಹತ್ತುತ್ತಿದ್ದ ಚಿಕ್ಕತಾಯಮ್ಮನದು ಕೊನೆಯ ತೀರ್ಪು: “ಔಸ್ದಿಗೀಸ್ದಿ ಏನೂ ಬ್ಯಾಡ ಕಣವ್ವ. ಮನಸ್ನ ಆರಾಮಾಗ್ ಮಡೀಕ.” ಹೀಗೆಂದವಳೇ ಬುಟ್ಟಿಗೆ ಲಗೇಜು ಚಾರ್ಜು ಕೇಳಿದ್ದಕ್ಕೆ ಮುಂದಿನ ಸ್ಟಾಪಿನವರೆಗೂ ನನ್ನ ವಂಶ ಜಾಲಾಡುತ್ತಿದ್ದಳು.

ಮನೆಯಲ್ಲಿ ಅತ್ತೆ ಇದ್ದರು. ಒಳ್ಳೆಯವರು. ನನ್ನ ನೋವು ನೋಡಲಾರದೆ ನಂಜುಂಡೇಶ್ವರನಿಗೆ ಹರಕೆ ಹೊತ್ತರು. ನನ್ನನ್ನು ಕೇಳಲಿಲ್ಲ. ಸೊಸೆಯ ಕೀಲುನೋವು ವಾಸಿಯಾದರೆ ಸೊಸೆ ಬಂದು ದೇವಸ್ಥಾನದ ಸುತ್ತ ಉರುಳುಸೇವೆ ಮಾಡುತ್ತಾಳೆ ಎಂದು ದೇವರಿಗೆ ಮಾತು ಕೊಟ್ಟು ಬಂದರು.

“ಅತ್ತೆಮ್ಮ, ಕೀಲುನೋವಿನವಳನ್ನ ಕಲ್ಲುಚಪ್ಪಡಿ ಮೇಲೆ ಉರುಳಿಸ್ತೀರಾ?”

“ವಾಸಿಯಾದ ಮ್ಯಾಲೆ ಕಣವ್ವ, ಈಗಲೇ ಅಲ್ಲ.”

“ಉರುಳಿದ ಮೇಲೆ ಮತ್ತೆ ಬಂದ್ರೆ?”

“ಬಂದ್ರೆ ಇನ್ನೊಂದು ಹರಕೆ ಕಟ್ಕಳದು. ಅವನೇನು ಎಲ್ಲಾದ್ರೂ ಓಡೋಯ್ತಾನಾ?”

ಮಾತ್ರೆ ಹಿಡಿದು, ನಾಲ್ಕೈದು ತಿಂಗಳಲ್ಲಿ ನನ್ನ ಕೈ ಹಗುರಾಯಿತು. ಅದೇ ಕಷ್ಟವಾಯಿತು. ವಾಸಿಯಾಯಿತಲ್ಲ, ಹರಕೆ ತೀರಿಸು ಎಂದು ಅತ್ತೆ ದಿನಾ ಬೆಳಿಗ್ಗೆ ನೆನಪಿಸತೊಡಗಿದರು. ದೇವರ ಸಾಲ ಇಟ್ಟುಕೊಂಡು ಬಸ್ಸು ಹತ್ತುವುದು ಸರಿಯಲ್ಲವಂತೆ. ನನಗೆ ನಿದ್ದೆ ಹೋಯಿತು. ನಿದ್ದೆ ಹೋಗಿ ಮತ್ತೆ ಬೆರಳು ಊದಿತು. ಹರಕೆ ತೀರಿಸದ್ದಕ್ಕೇ ಊದಿದೆ ಎಂದು ಅತ್ತೆ ಅತ್ತರು. ಅವರು ಅತ್ತದ್ದು ನೋಡಿ ಮೊಣಕಾಲೂ ಹಿಡಿದುಕೊಂಡಿತು.

ಕೊನೆಗೆ ಒಂದು ಸೋಮವಾರ ಯಜಮಾನರು ಕಪಿಲೆಯಲ್ಲಿ ಮುಳುಗಿ ಎದ್ದು, ಒದ್ದೆ ಪಂಚೆಯಲ್ಲಿ ನನ್ನ ಬದಲು ತಾವೇ ಉರುಳಿದರು. ಅರ್ಧ ಸುತ್ತಿಗೇ ತಲೆ ತಿರುಗಿ ಇನ್ನೊಬ್ಬ ಭಕ್ತರ ಮೇಲೆ ಉರುಳಿದರಂತೆ. ಆದರೂ ಬಿಡದೆ ಮುಗಿಸಿದರು. ಮಾರನೆಯ ದಿನ ಅವರಿಗೆ ಹಾಸಿಗೆಯಿಂದ ಏಳಲಾಗಲಿಲ್ಲ. “ಮೈಯೆಲ್ಲ ಹಿಡ್ಕೊಂಡಂಗಾಗದೆ ಕಣೆ. ದಿನಾ ಬೆಳಿಗ್ಗೆ ನಿಂಗೆ ಹಿಂಗೇ ಆಯ್ತದಾ?” ಎಂದು ಕೇಳಿದರು. ಹೂಂ ಅಂದೆ. ಆಮೇಲೆ ಅವರು ಮುದ್ದೆ ತೊಳಸುವುದು ಕಲಿತರು. ಮುದ್ದೆಯಲ್ಲಿ ಮೊದಮೊದಲು ಗಂಟು ಸಿಗುತ್ತಿತ್ತು, ನಾನು ಬಾಯಿಮುಚ್ಚಿ ನುಂಗಿದೆ. ನಂಜುಂಡೇಶ್ವರ ನನ್ನ ಕೀಲನ್ನು ವಾಸಿ ಮಾಡಿದನೋ ಇಲ್ಲವೋ, ನಮ್ಮ ಯಜಮಾನರಿಗಂತೂ ಅರ್ಥ ಮಾಡಿಸಿದ. ನನಗೆ ಅದೇ ದೊಡ್ಡ ವರ.

ಈ ನಡುವೆ ಕೆಲಸದ ರೀತಿಯೂ ಬದಲಾಯಿತು. ಹರಿಯುವ ಟಿಕೆಟ್ ಹೋಗಿ ಮಿಷಿನ್ನು ಬಂತು. ಮಣಿಕಟ್ಟಿಗೆ ಬಿಡುವು ಸಿಕ್ಕಿತು, ಹೆಬ್ಬೆರಳು ಸಿಕ್ಕಿಬಿತ್ತು. ಆಮೇಲೆ ಹೆಂಗಸರಿಗೆ ಬಸ್ಸು ಉಚಿತವಾಯಿತು. ಹೊರಗಿನವರು ಕೇಳುತ್ತಿದ್ದರು, ದುಡ್ಡೇ ತಗೊಳ್ಳೋ ಹಾಗಿಲ್ಲವಲ್ಲ, ನಿಮಗೆ ಕೆಲಸ ಕಮ್ಮಿ ಅಲ್ಲವಾ ಎಂದು. ಉಚಿತ ಟಿಕೆಟ್ಟಿಗೂ ಗುಂಡಿ ಒತ್ತಲೇಬೇಕು. ಒಬ್ಬರಿಗೆ ಕೊಡದಿದ್ದರೂ ಸ್ಕ್ವಾಡಿನ ಬಾಯಿಗೆ ನಾವು ಬೀಳಬೇಕು. ತಾಲ್ಲೂಕಿನ ಹೆಂಗಸರು ಓಡಾಡುವುದು ಕಂಡು ನನಗೆ ನಿಜವಾಗಿಯೂ ಸಂತೋಷವಾಗುತ್ತಿತ್ತು. ಎಷ್ಟೋ ಜನ ಮದುವೆಯಾದ ಮೇಲೆ ಮೊದಲ ಸಲ ತಮ್ಮಿಷ್ಟಕ್ಕೆ ತವರಿಗೆ ಹೊರಟವರು. ಸಂಜೆ ಹೆಬ್ಬೆರಳು ಕೇಳಿದರೆ ಅದರ ಅಭಿಪ್ರಾಯ ಬೇರೆ ಇರುತ್ತಿತ್ತು.

ಇಷ್ಟಾದರೂ ಗುಟ್ಟು ಗುಟ್ಟಾಗಿಯೇ ಇತ್ತು. ಅದನ್ನು ಬಯಲು ಮಾಡಿದ್ದು ಒತ್ತಡ ನಿವಾರಣಾ ಶಿಬಿರ.

ಸಿಬ್ಬಂದಿಗೆ ಒತ್ತಡ ಜಾಸ್ತಿಯಾಗಿದೆ ಎಂದು ಮೇಲಿನವರಿಗೆ ಯಾರು ಹೇಳಿದರೋ, ಡಿಪೋದಲ್ಲಿ ಒಂದು ದಿನದ ಶಿಬಿರ ಇಟ್ಟರು. ನಮ್ಮ ವಾರದ ರಜೆಯ ದಿನವೇ ಬರಬೇಕು, ಬಾರದವರಿಗೆ ಮೆಮೊ. ಬೆಂಗಳೂರಿನಿಂದ ಬಿಳಿ ಜುಬ್ಬದ ತರಬೇತುದಾರರು ಬಂದಿದ್ದರು. ಎಲ್ಲರನ್ನೂ ಜಮಖಾನದ ಮೇಲೆ ಚಕ್ಕಳಮಕ್ಕಳ ಕೂರಿಸಿದರು. ಕೂರುವಾಗಲೇ ನನಗೆ ಗೊತ್ತಾಯಿತು, ಏಳುವುದು ನನ್ನ ಕೈಯಲ್ಲಿಲ್ಲ ಎಂದು. ಮೆಮೊದ ಚಿಂತೆಯಲ್ಲಿ ಹಿಂದಿನ ದಿನ ನಿದ್ದೆ ಬೇರೆ ಬಂದಿರಲಿಲ್ಲ.

“ನಿಮ್ಮ ಜೀವನದ ಒತ್ತಡವನ್ನೆಲ್ಲ ಮುಷ್ಟಿಯಲ್ಲಿ ಹಿಡಿಯಿರಿ” ಎಂದರು ಅವರು. “ಗಟ್ಟಿಯಾಗಿ. ಇನ್ನೂ ಗಟ್ಟಿಯಾಗಿ. ಈಗ ಬಿಟ್ಟುಬಿಡಿ.”

ಎಲ್ಲರೂ ಹಿಡಿದರು, ಬಿಟ್ಟರು. ನನ್ನ ಬೆರಳು ಅರ್ಧಕ್ಕೇ ನಿಂತವು. ಅವರು ನನ್ನ ಮುಂದೆ ಬಂದು ನಿಂತು ನಸುನಕ್ಕರು. “ಅಮ್ಮ, ನೀವು ಹಿಡಿದೇ ಇಲ್ಲವಲ್ಲ. ಹಿಡಿಯದೆ ಬಿಡುವುದು ಹೇಗೆ?”

ವೇದಾಂತ ಚೆನ್ನಾಗಿಯೇ ಇತ್ತು. ಆದರೆ ಗೋಡೆಗೊರಗಿ ನಿಂತಿದ್ದ ಮ್ಯಾನೇಜರ್ ಸಾಹೇಬರ ಕಣ್ಣು ನನ್ನ ಕೈ ಮೇಲೆ ಬಿತ್ತು. ಶಿಬಿರ ಮುಗಿದಾಗ ಇಬ್ಬರು ನನ್ನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಬೇಕಾಯಿತು. ಇಡೀ ಡಿಪೋ ನೋಡಿತು. ಅವತ್ತಿನಷ್ಟು ನಾಚಿಕೆ ನನಗೆ ಯಾವತ್ತೂ ಆಗಿಲ್ಲ. ಬಯ್ಯುವ ಪ್ಯಾಸೆಂಜರಿಗೆ ಎದುರು ಮಾತಾಡಬಹುದು, ಮರುಕದಿಂದ ನೋಡುವವರಿಗೆ ಏನು ಹೇಳುವುದು?

ಮ್ಯಾನೇಜರು ಕೆಟ್ಟವರಲ್ಲ. ಮಾರನೆಯ ದಿನವೇ ಕರೆಸಿ, “ಯಾಕಮ್ಮ ಮೊದಲೇ ಹೇಳ್ಲಿಲ್ಲ? ನರಸೀಪುರ ಸ್ಟ್ಯಾಂಡಲ್ಲಿ ವಿಚಾರಣೆ ಕಿಟಕಿ ಖಾಲಿ ಇದೆ. ಕೂತ್ಕೊಂಡು ಮಾಡೋ ಕೆಲಸ. ಟೆನ್ಷನ್ನೇ ಇಲ್ಲ” ಅಂದರು. ನಾನು ಅಂಜಿಕೊಂಡು ಬಂದದ್ದು ಕೊನೆಗೆ ಹೀಗೆ ಉಪಕಾರದ ವೇಷದಲ್ಲಿ ಬಂತು. ಸರಿ ಸಾರ್ ಅಂದೆ.

ಟೆನ್ಷನ್ ಇಲ್ಲದ ಆ ಕಿಟಕಿಯ ಬಗ್ಗೆ ಹೇಳಬೇಕು. ಬಸ್ಸಿನಲ್ಲಿ ಜಗಳವಾದರೆ ಜಗಳಗಂಟ ತನ್ನ ಊರಲ್ಲಿ ಇಳಿದುಹೋಗುತ್ತಾನೆ, ಬಸ್ಸು ಮುಂದಕ್ಕೆ ಹೋಗುತ್ತದೆ. ಕಿಟಕಿಯಲ್ಲಿ ಜಗಳ ಎದುರಿಗೇ ನಿಂತಿರುತ್ತದೆ.

“ತಲಕಾಡು ಬಸ್ಸು ಎಸ್ಟೊತ್ಗೆ ಬತ್ತದೆ?”

“ಬರಬೇಕಿತ್ತು, ಇನ್ನೂ ಬಂದಿಲ್ಲ.”

“ಬಂದಿಲ್ಲ ಅಂತ ನಮ್ಗೂ ಕಾಣ್ತದೆ. ಅದೇಳಕ್ಕೆ ನೀವ್ಯಾಕೆ ಕುಂತಿರದು?”

ಪ್ರಶ್ನೆ ನ್ಯಾಯವಾದದ್ದೇ. ನನ್ನನ್ನು ನಾನೇ ಅದನ್ನು ಕೇಳಿಕೊಳ್ಳುತ್ತಿದ್ದೆ. ಬಾರದ ಬಸ್ಸಿಗೆ ನಾನು ಹೊಣೆ, ಬರಿಸುವುದು ನನ್ನ ಕೈಯಲ್ಲಿಲ್ಲ. ಹಳೆಯ ಸಹೋದ್ಯೋಗಿಗಳು ಹಾದುಹೋಗುವಾಗ, “ಲೈಟ್ ಡ್ಯೂಟಿ ಮೇಡಂ, ಆರಾಮಾ?” ಅನ್ನುತ್ತಿದ್ದರು. ದಿನವಿಡೀ ಅಲುಗದೆ ಕೂತು ಮೊಣಕಾಲು ಮರಗಟ್ಟಿತು. ಮಾದಪ್ಪನ ಬಸ್ಸು ಬಂದು ನಿಂತಾಗ ಹೊಸ ಕಂಡಕ್ಟರು ತಗಡು ತಟ್ಟುವ ಸದ್ದು ಕೇಳಿದರೆ ನನ್ನ ಅಂಗೈಯೂ ತಾನಾಗಿ ಕಿಟಕಿಯ ಕಟ್ಟೆ ತಟ್ಟುತ್ತಿತ್ತು. ಅಷ್ಟು ವರ್ಷ ಸ್ಕ್ವಾಡು, ಗಲಾಟೆ, ಹಂಪು, ಬಿಸಿಲು ಎಲ್ಲ ಸೇರಿ ಕೊಡದ ನೋವನ್ನು ಆ ಆರಾಮದ ಕುರ್ಚಿ ಕೊಟ್ಟಿತು.

ಡಾಕ್ಟರು ರಕ್ತಪರೀಕ್ಷೆ ನೋಡಿ ಹುಬ್ಬು ಗಂಟಿಕ್ಕಿದರು. “ಏನಮ್ಮ, ಕಾಯಿಲೆ ಹತೋಟಿ ತಪ್ಪಿದೆ. ಕೆಲಸದಲ್ಲಿ ಒತ್ತಡ ಏನಾದ್ರೂ ಜಾಸ್ತಿಯಾಯ್ತಾ?”

“ಇಲ್ಲ ಸಾರ್. ಪೂರ್ತಿ ತೆಗೆದುಹಾಕಿದಾರೆ.”

ಅವರು ನಕ್ಕರು. ನನಗೆ ನಗು ಬರಲಿಲ್ಲ, ಅಳು ಬಂತು. ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು. ಔಷಧಿ ಬದಲಾಯಿಸಿದರು, ಕಿಟಕಿಯಲ್ಲಿದ್ದರೂ ಗಂಟೆಗೊಮ್ಮೆ ಎದ್ದು ಓಡಾಡಿ ಅಂದರು. ಮೂರು ತಿಂಗಳಾದ ಮೇಲೆ ಮತ್ತೆ ಪರೀಕ್ಷಿಸಿ, ಬೆಳಗಿನ ಮೊದಲ ಶಿಫ್ಟು ಬಿಟ್ಟರೆ ಲೈನಿನ ಕೆಲಸ ಮಾಡಬಹುದು ಎಂದು ಬರೆದುಕೊಟ್ಟರು.

ಅದನ್ನು ಹಿಡಿದು ಮ್ಯಾನೇಜರ ಮುಂದೆ ನಿಂತೆ. ಅವರಿಗೆ ಶಿಬಿರ ಮರೆತಿರಲಿಲ್ಲ.

“ಎಲ್ಲಿ, ಮುಷ್ಟಿ ಹಿಡೀರಿ ನೋಡೋಣ.”

ಹಿಡಿದೆ. ಮುಕ್ಕಾಲು ಬಂತು. ಅದಕ್ಕಿಂತ ಮುಂದಕ್ಕೆ ಹೋಗಲಿಲ್ಲ. ಅವರು ಆಗಲ್ಲ ಎಂಬಂತೆ ತಲೆಯಾಡಿಸಿದರು. ಕೈ ಮುಂದಕ್ಕೆ ಚಾಚಿಕೊಂಡೇ ನಿಂತಿದ್ದೆ. ಬಾಯಿ ತಾನಾಗಿ ಮಾತಾಡಿತು.

“ಸಾರ್, ಕಂಡಕ್ಟರಿಗೆ ಮುಷ್ಟಿ ಯಾಕೆ ಬೇಕು? ಬಿಚ್ಚಿದ ಕೈ ಇದ್ರೆ ತಾನೆ ದುಡ್ಡು ತಗೊಂಡು ಟಿಕೆಟ್ ಕೊಡೋದು? ಮುಷ್ಟಿ ಹಿಡ್ಕೊಂಡು ನಾನೇನು ಪ್ಯಾಸೆಂಜರ್‌ಗೆ ಗುದ್ದಬೇಕಾ?”

ಅವರು ಮೇಜಿನ ಡ್ರಾಯರ್ ಎಳೆದರು. ಮೆಮೊ ಕೊಡುತ್ತಾರೆ ಅಂದುಕೊಂಡೆ. ಅವರು ತೆಗೆದದ್ದು ಒಂದು ಬಿಪಿ ಮಾತ್ರೆ. ನೀರು ಕುಡಿದು ನುಂಗಿ, “ನನಗೆ ಯಾರಮ್ಮ ಲೈಟ್ ಡ್ಯೂಟಿ ಕೊಡ್ತಾರೆ?” ಅಂದರು. ಆಮೇಲೆ, “ಹತ್ತು ಗಂಟೆ ಮೇಲಿನ ಟ್ರಿಪ್ಪು. ಕೈಲಾಗದಿದ್ದ ದಿನ ಬಾಯಿಬಿಟ್ಟು ಹೇಳಬೇಕು. ಮುಚ್ಚಿಟ್ರೆ ಮತ್ತೆ ಕಿಟಕಿ” ಎಂದರು.

ಹೊಸಬರಿಗೆ ನಾನು ಹೇಳುವುದೂ ಇಷ್ಟೇ. ಮಾತ್ರೆ ತಪ್ಪಿಸಬೇಡಿ, ನಿದ್ದೆ ಮಾರಿಕೊಳ್ಳಬೇಡಿ, ಮುಚ್ಚಿಡಬೇಡಿ. ಹತ್ತು ಗಂಟೆ ಮೇಲಿನ ಡ್ಯೂಟಿಯನ್ನು ಮೊದಲೇ ಬಾಯಿಬಿಟ್ಟು ಕೇಳಿದ್ದರೆ ನನ್ನ ಎಷ್ಟೋ ಬೆಳಗುಗಳು ಉಳಿಯುತ್ತಿದ್ದವು. ಮುಚ್ಚಿಡುವುದೇ ದೊಡ್ಡ ಟೆನ್ಷನ್ನು, ಅದಕ್ಕೆ ಯಾರೂ ಶಿಬಿರ ಇಡುವುದಿಲ್ಲ.

ನಿವೃತ್ತಿಯ ದಿನಕ್ಕೆ ಬರುತ್ತೇನೆ. ನಾಳೆಯಿಂದ ನಿಮಗೆ ಟೆನ್ಷನ್ನೇ ಇಲ್ಲ ಎಂದು ವಾರದಿಂದ ಎಲ್ಲರೂ ಹೇಳಿ ಹೇಳಿ, ಅವತ್ತು ಬೆಳಿಗ್ಗೆ ನನ್ನ ಎರಡೂ ಕೈ ಊದಿದ್ದವು. ಹೇಳಿದ್ದರೆ ಮ್ಯಾನೇಜರು ರಜೆ ಕೊಡುತ್ತಿದ್ದರು. ಬುದ್ಧಿ ಹೇಳುವ ನಾನೇ ಅವತ್ತು ಮುಚ್ಚಿಟ್ಟೆ. ನರಸೀಪುರದಿಂದ ಮಾದಪ್ಪನ ಜೊತೆ ಕೊನೆಯ ಟ್ರಿಪ್ಪು. ಬಸ್ಸು ಕಿಕ್ಕಿರಿದಿತ್ತು. ಒಬ್ಬ ಮುಂದಿನ ಸ್ಟಾಪಿಗೇ ಐನೂರರ ನೋಟು ಚಾಚಿ, “ಚಿಲ್ರೆ ಇಲ್ಲ ಕಂಡಕ್ಟ್ರಮ್ಮ, ಟೆನ್ಷನ್ ಮಾಡ್ಕೋಬೇಡಿ” ಅಂದ. ಚಿಕ್ಕತಾಯಮ್ಮ ಬುಟ್ಟಿಯ ಹಿಂದಿನಿಂದ, “ಲೋ, ಇವತ್ತೊಂದಿನ ಆದ್ರೂ ಚಿಲ್ರೆ ತರಕ್ಕೆ ನಿಂಗೇನ್ ದಾಡಿ?” ಎಂದು ಅವನ ವಂಶಕ್ಕೆ ಕೈ ಹಾಕಿದಳು. ನನ್ನ ಪರವಾಗಿ ಅವಳು ಬಾಯಿ ಮಾಡಿದ್ದು ಅದೇ ಮೊದಲು.

ಬಸ್ಸು ಬಿಡಿಸಬೇಕು. ವಿಷಲ್ಲು ಕೊರಳಲ್ಲೇ ಇತ್ತು. ಊದಲು ಮನಸ್ಸಾಗಲಿಲ್ಲ. ಕೈ ಎತ್ತಿ ತಗಡಿಗೆ ತಟ್ಟಿದೆ. ನೋವು ಭುಜದವರೆಗೂ ಹತ್ತಿತು, ಕಣ್ಣಲ್ಲಿ ನೀರು ತುಂಬಿತು. ಮಾದಪ್ಪ ಹಿಂತಿರುಗಿ ನೋಡಲಿಲ್ಲ, ಕನ್ನಡಿಯಲ್ಲೊಮ್ಮೆ ನೋಡಿ ಗೇರು ಹಾಕಿದ. ತಟ್ಟಿದ ದಿನ ಅವನು ಗಾಡಿಯನ್ನು ಧಾರಾಳವಾಗಿ ಓಡಿಸುವವನು. ಅವತ್ತು ನಂಜನಗೂಡಿನವರೆಗೂ ಒಂದೊಂದು ಹಂಪನ್ನೂ ಮಗು ಮಲಗಿರುವ ಹಾಗೆ ದಾಟಿಸಿದ.

ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದ ಮೇಲೆ ಅವನು ಸುತ್ತಿಬಂದು ಬಾಗಿಲ ಹತ್ತಿರ ನಿಂತ. ಯಜಮಾನರೂ ಹಾರ ಹಿಡಿದು ನಿಂತಿದ್ದರು. ನಾನು ಮೇಲಿನ ಮೆಟ್ಟಿಲಲ್ಲಿ ತಡೆದದ್ದು ನೋಡಿ ಯಜಮಾನರು ಕೈ ಚಾಚಲು ಹೋದರು. ಮಾದಪ್ಪ ಅವರ ತೋಳು ಮೆಲ್ಲಗೆ ಹಿಡಿದು, “ಬ್ಯಾಡ ಬುಡಿ ಸಾ, ಅಕ್ಕ ಇಳೀತಾರೆ” ಅಂದ.

ಅವರಿಬ್ಬರೂ ಕಾದರು. ನಾನು ನಿಧಾನವಾಗಿ, ಒಂದೊಂದೇ ಮೆಟ್ಟಿಲು ನೋಡಿಕೊಂಡು ಇಳಿದೆ.